ಚೀಟಿಯ ಅಂಕಿ, ಕೈಪಿಡಿಯ ಪುಟ: ತೋಟಾ ತುಂಬಲು ಹೊರಟ ಹೊಸಬನೊಬ್ಬನ ಪ್ರಕರಣ ಅಧ್ಯಯನ

ಒಮ್ಮೆ ಹಾರಿಸಿದ ತೋಟಾದಲ್ಲಿ ಉಳಿಯುವುದು ಕೇಸು ಎಂದು ಕರೆಯುವ ಹಿತ್ತಾಳೆಯ ಕವಚ ಮಾತ್ರ. ಅದನ್ನು ಮೊದಲಿನ ಅಳತೆಗೆ ತಂದು, ಮದ್ದಿಗೆ ಕಿಡಿ ಹೊತ್ತಿಸುವ ಹೊಸ ಪ್ರೈಮರನ್ನು ತಳದಲ್ಲಿ ಕೂರಿಸಿ, ತೂಗಿದ ಮದ್ದು ಸುರಿದು, ಹೊಸ ಗುಂಡನ್ನು ಒತ್ತಿ ಕೂರಿಸಿದರೆ ಅದೇ ಕೇಸಿನಿಂದ ಇನ್ನೊಂದು ತೋಟಾ ಸಿದ್ಧವಾಗುತ್ತದೆ. ರೀಲೋಡಿಂಗ್ ಎಂದು ಕರೆಯುವ ಈ ಕೆಲಸವನ್ನು ಸ್ವಂತ ಬಳಕೆಗೆ ಮಾಡಿಕೊಳ್ಳಲು ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಪರವಾನಗಿ ಬೇಕಾಗುವುದಿಲ್ಲವಾದ್ದರಿಂದ, ಅಲ್ಲಿನ ಗುರಿಕಾರರಲ್ಲಿ ಅನೇಕರು ಮನೆಯ ಮೂಲೆಯಲ್ಲೊಂದು ಮೇಜು ಹಾಕಿಕೊಂಡು ಇದನ್ನು ಹವ್ಯಾಸವಾಗಿ ಮಾಡುತ್ತಾರೆ. ಹೊಸಬನಿಗೆ ಅಚ್ಚಾದ ಕೈಪಿಡಿ ಏಕೆ ಬೇಕು, ಅದರಿಂದ ಅವನಿಗೆ ಆಗುವ ಉಪಕಾರ ನಿಜವಾಗಿ ಯಾವುದು ಎಂಬುದನ್ನು ಒಂದೇ ಪ್ರಕರಣವನ್ನು ಹಿಡಿದು ನೋಡುವುದು ಈ ಬರಹದ ಉದ್ದೇಶ. ತುಮಕೂರಿನಲ್ಲಿ ಬಹುಕಾಲ ಫಿಟ್ಟರ್ ಟ್ರೇಡಿನ ಹುಡುಗರಿಗೆ ಪಾಠ ಹೇಳಿದವನಾದ ನಾನು ಈ ಪ್ರಕರಣವನ್ನು ಹತ್ತಿರದಿಂದ ನೋಡಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು ಬರೆಯುತ್ತಿದ್ದೇನೆ.

ಹಿನ್ನೆಲೆ

ಯುವಕ ತುಮಕೂರಿನವನು, ಎಂಜಿನಿಯರಿಂಗ್ ಓದಿ ಟೆಕ್ಸಾಸಿನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಗುರಿ ಅಭ್ಯಾಸಕ್ಕೆ ಸೇರಿ .30-06 ಕ್ಯಾಲಿಬರಿನ ಒಂದು ಬೋಲ್ಟ್ ರೈಫಲ್ (ಬೋಲ್ಟ್ ಎಂಬ ಅಗುಳಿಯನ್ನು ಕೈಯಿಂದ ಎತ್ತಿ ಎಳೆದು ತೋಟಾ ತುಂಬುವ ಬಂದೂಕು) ಕೊಂಡ. ಅಂಗಡಿಯ ತೋಟಾ ದುಬಾರಿ ಎನಿಸಿದಾಗ ಪಕ್ಕದ ಮನೆಯ ಹಿರಿಯ ಗುರಿಕಾರರು ರೀಲೋಡಿಂಗ್ ದಾರಿ ತೋರಿಸಿದರು. ಒತ್ತುವ ಪ್ರೆಸ್ಸು, ಕೇಸನ್ನು ಅಳತೆಗೆ ತರುವ ಅಚ್ಚುಗಳಾದ ಡೈಗಳು, ತಕ್ಕಡಿ ಎಲ್ಲವನ್ನೂ ಅವನು ಕೊಂಡುಕೊಂಡ. ನೆರೆಯವರು ಒಂದು ಡಬ್ಬದ ತುಂಬ ಬಳಸಿದ ಕೇಸುಗಳನ್ನು ಕೊಟ್ಟರು, ಜೊತೆಗೆ ಒಂದು ಚೀಟಿಯಲ್ಲಿ ಎಷ್ಟು ಮದ್ದು ಹಾಕಬೇಕೆಂದು ಬರೆದೂ ಕೊಟ್ಟರು. ಸಾಮಾನು ಮಾರಿದ ಅಂಗಡಿಯವರು ಮಾತ್ರ ಕೈಪಿಡಿ ಕೊಳ್ಳದೆ ಶುರು ಮಾಡಬೇಡ ಎಂದು ಪಟ್ಟು ಹಿಡಿದು ಒಂದು ದಪ್ಪ ಪುಸ್ತಕವನ್ನೂ ಕೊಡಿಸಿದ್ದರು. ಅದರ ಪ್ಲಾಸ್ಟಿಕ್ ಹೊದಿಕೆ ಬಿಚ್ಚುವ ಮೊದಲೇ ಅವನಿಗೆ ರಜೆ ಸಿಕ್ಕಿತು, ವಿಮಾನದಲ್ಲಿ ಓದಲೆಂದು ಅದನ್ನು ಚೀಲಕ್ಕೆ ಹಾಕಿಕೊಂಡು ಊರಿಗೆ ಬಂದ. ಊರಿಗೆ ಬಂದದ್ದು ಪುಸ್ತಕ ಮತ್ತು ಚೀಟಿ ಎರಡೇ.

ಅವನ ಸೋದರಮಾವ ತುಮಕೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ತಪಾಸಣಾ ವಿಭಾಗದಲ್ಲಿದ್ದು ನಿವೃತ್ತರಾದವರು. ಕಾರ್ಖಾನೆ ಮುಚ್ಚಿಹೋದರೂ, ನಕ್ಷೆಯನ್ನು ಮೊದಲು ಓದಿ ಆಮೇಲೆ ಭಾಗವನ್ನು ಕೈಗೆತ್ತಿಕೊಳ್ಳುವ ಅಭ್ಯಾಸ ಅವರನ್ನು ಬಿಟ್ಟಿಲ್ಲ. ಬಂದೂಕಿನ ವಿಷಯ ಅವರಿಗೆ ಗೊತ್ತಿಲ್ಲ. ಅಳತೆಯ ವಿಷಯ ಚೆನ್ನಾಗಿ ಗೊತ್ತು. ರಜೆಯ ದಿನಗಳಲ್ಲಿ ಮಾವ ಅಳಿಯ ಇಬ್ಬರೂ ಆ ಪುಸ್ತಕವನ್ನು ಮುಂದಿಟ್ಟುಕೊಂಡು ಕೂತರು, ಕೆಲವು ಸಂಜೆ ನಾನೂ ಜೊತೆಗಿದ್ದೆ.

ಚೀಟಿಯಲ್ಲಿ ಇದ್ದದ್ದು, ಇಲ್ಲದ್ದು

ಚೀಟಿಯಲ್ಲಿ ಮೂರು ಸಂಗತಿಗಳಿದ್ದವು: ಮದ್ದಿನ ಹೆಸರಿನ ಜಾಗದಲ್ಲಿ 4350 ಎಂಬ ಅಂಕಿ, ಗುಂಡಿನ ತೂಕ 165 ಗ್ರೇನ್ (ಗ್ರಾಮಿಗಿಂತ ಚಿಕ್ಕ ತೂಕದ ಮಾನ) ಎಂಬುದು, ಮದ್ದಿನ ತೂಕದ ಒಂದು ಅಂಕಿ. ಯುವಕನ ಕಣ್ಣಿಗೆ ಇದು ಪೂರ್ಣವಾಗಿತ್ತು. ನೆರೆಯವರು ಇಷ್ಟನ್ನೇ ಅನುಸರಿಸಿ ವರ್ಷಗಟ್ಟಲೆ ತೋಟಾ ತುಂಬಿದ್ದಾರೆ ಎಂಬುದೇ ಅವನ ವಾದವಾಗಿತ್ತು.

"ಮಾವ, ಅವರು ಇಷ್ಟು ವರ್ಷದಿಂದ ಮಾಡ್ತಿದಾರೆ, ಏನೂ ತೊಂದರೆ ಆಗಿಲ್ಲ" ಎಂದ.

"ಅವರ ಬಂದೂಕಿನಲ್ಲಿ ಆಗಿಲ್ಲ ಕಣಪ್ಪ. ನಿನ್ನ ಬಂದೂಕು ಯಾವುದು ಅಂತ ಈ ಚೀಟಿಗೆ ಹೇಗೆ ಗೊತ್ತಾಗಬೇಕು?" ಎಂದು ಮಾವ ಕೇಳಿದರು.

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಪುಸ್ತಕದ ಕೋಷ್ಟಕದ ಪುಟ ತೆರೆದಾಗ, ಅಂಕಿಗಳ ಸಾಲಿಗಿಂತ ಮೇಲೆ, ಯುವಕ ನೇರವಾಗಿ ದಾಟಿಹೋಗಲಿದ್ದ ಒಂದು ಚೌಕಟ್ಟು ಕಂಡಿತು. ಆ ಅಂಕಿಗಳನ್ನು ಯಾವ ಪರೀಕ್ಷಾ ನಳಿಗೆಯಲ್ಲಿ ಪಡೆದರು, ಅದರ ಉದ್ದವೆಷ್ಟು, ಒಳಗಿನ ಗೆರೆಗಳ ತಿರುವು ಎಷ್ಟು ಇಂಚಿಗೆ ಒಂದು ಸುತ್ತು, ಯಾವ ಕಂಪನಿಯ ಕೇಸು, ಯಾವ ಪ್ರೈಮರ್, ಯಾವ ಗುಂಡು, ಗುಂಡು ಕೂರಿಸಿದ ಮೇಲೆ ತೋಟಾದ ಒಟ್ಟು ಉದ್ದ ಎಷ್ಟು ಎಂಬುದೆಲ್ಲ ಅಲ್ಲಿತ್ತು. ಮಾವನಿಗೆ ಇದು ತಕ್ಷಣ ಪರಿಚಿತವೆನಿಸಿತು. ಯಾವ ಯಂತ್ರದಲ್ಲಿ, ಯಾವ ಗೇಜಿನಿಂದ, ಯಾವ ಸ್ಥಿತಿಯಲ್ಲಿ ಅಳೆದದ್ದು ಎಂದು ಹೇಳದ ಅಳತೆಯನ್ನು ಅವರು ಕೆಲಸದಲ್ಲಿದ್ದಾಗ ಒಪ್ಪಿಕೊಂಡವರೇ ಅಲ್ಲ. ಚೀಟಿಯಲ್ಲಿ ಇಲ್ಲದಿದ್ದದ್ದು ಈ ಚೌಕಟ್ಟು.

ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕರಣದ ತಿರುಳು ಇಲ್ಲಿದೆ. ಮದ್ದಿನ ತೂಕದ ಅಂಕಿ ಎಲ್ಲಿ ಬೇಕಾದರೂ ಸಿಗುತ್ತದೆ, ನೆರೆಮನೆಯಲ್ಲೂ ಸಿಗುತ್ತದೆ. ಆ ಅಂಕಿ ಯಾವ ಷರತ್ತುಗಳಿಗೆ ಒಳಪಟ್ಟು ನಿಜವೋ ಆ ಷರತ್ತುಗಳು ಕೈಪಿಡಿಯಲ್ಲಿ ಮಾತ್ರ ಅಂಕಿಯ ಜೊತೆಗೇ ಅಚ್ಚಾಗಿರುತ್ತವೆ. ಇದು ಏಕೆ ಅಷ್ಟು ಮುಖ್ಯ ಎಂದರೆ, ಮನೆಯಲ್ಲಿ ಕೆಲಸ ಮಾಡುವವನು ಎಲ್ಲವನ್ನೂ ಅಳೆಯಬಲ್ಲನು, ಒಂದನ್ನು ಬಿಟ್ಟು. ಕೇಸಿನ ಉದ್ದವನ್ನು ಕ್ಯಾಲಿಪರಿನಿಂದ, ಮದ್ದನ್ನು ತಕ್ಕಡಿಯಿಂದ, ಗುಂಡಿನ ವೇಗವನ್ನು ಕ್ರೋನೋಗ್ರಾಫಿನಿಂದ ಅಳೆಯಬಹುದು. ಹಾರಿದ ಕ್ಷಣದಲ್ಲಿ ಬಂದೂಕಿನ ಕೋಣೆಯೊಳಗೆ, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗದೊಳಗೆ, ಏಳುವ ಒತ್ತಡವನ್ನು ಅವನು ಈ ಸಾಧನಗಳಿಂದ ಅಳೆಯಲಾರ. .30-06 ತೋಟಾಕ್ಕೆ ಅಮೆರಿಕದ ತಯಾರಕರ ಮಾನಕ ಸಂಸ್ಥೆಯಾದ ಸಾಮಿ ನಿಗದಿಪಡಿಸಿದ ಗರಿಷ್ಠ ಸರಾಸರಿ ಒತ್ತಡ 60,000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಮಾನ), ಅಂದರೆ ಸುಮಾರು 4,100 ಬಾರ್. ಅಷ್ಟು ಒತ್ತಡವನ್ನು ಗುರಿಕಾರನ ಕೆನ್ನೆಯಿಂದ ಗೇಣುದೂರದಲ್ಲಿರುವ ಉಕ್ಕಿನ ಕೋಣೆ ತಡೆದುಕೊಳ್ಳಬೇಕು. ಕೈಪಿಡಿ ಪ್ರಕಟಿಸುವವರು ಒತ್ತಡಮಾಪಕ ಸಂವೇದಕ ಅಳವಡಿಸಿದ ಪರೀಕ್ಷಾ ನಳಿಗೆಯಲ್ಲಿ ಅದನ್ನು ಅಳೆದು, ಅಳೆದುದರ ಫಲವನ್ನು ಮದ್ದಿನ ತೂಕದ ರೂಪದಲ್ಲಿ ಕೊಡುತ್ತಾರೆ. ಹೊಸಬ ಪುಸ್ತಕಕ್ಕೆ ಕೊಡುವ ಹಣ ವಾಸ್ತವದಲ್ಲಿ ತನ್ನ ಬಳಿ ಇಲ್ಲದ ಈ ಒಂದು ಮಾಪಕದ ಬಾಡಿಗೆ.

ಇನ್ನು 4350 ಎಂಬ ಅಂಕಿ. ಅದು ಒಂದೇ ಮದ್ದಿನ ಹೆಸರೆಂದು ಯುವಕ ತಿಳಿದಿದ್ದ. ಪುಸ್ತಕದ ಕೋಷ್ಟಕದಲ್ಲಿ ಐಎಂಆರ್ 4350 ಒಂದು ಸಾಲಿನಲ್ಲೂ ಎಚ್4350 ಇನ್ನೊಂದು ಸಾಲಿನಲ್ಲೂ ಇದ್ದವು. ಆಕ್ಯುರೇಟ್ ಎಂಬ ಬ್ರ್ಯಾಂಡಿನ 4350 ಕೂಡ ಇದೆ. ಉರಿಯುವ ವೇಗದಲ್ಲಿ ಇವು ಅಕ್ಕಪಕ್ಕದವು, ಒಂದೇ ಅಲ್ಲ. ಚೀಟಿಯ ತೂಕವನ್ನು ಪುಸ್ತಕದ ಎದುರಿಗಿಟ್ಟು ನೋಡಿದಾಗ ಅದು ಒಂದು ಮದ್ದಿನ ಸಾಲಿನಲ್ಲಿ ಮೇಲ್ತುದಿಯ ಒಳಗೇ ಇತ್ತು, ಇನ್ನೊಂದರ ಸಾಲಿನಲ್ಲಿ ಗರಿಷ್ಠವನ್ನು ದಾಟಿತ್ತು. ನೆರೆಯವರು ಬಳಸುತ್ತಿದ್ದದ್ದು ಮೊದಲನೆಯದು. ಯುವಕ ಅಂಗಡಿಯಿಂದ ತಂದಿಟ್ಟಿದ್ದ ಡಬ್ಬ ಎರಡನೆಯದು. ಚೀಟಿ ಬರೆದವರ ಮನಸ್ಸಿನಲ್ಲಿ ಯಾವ ಕೆಟ್ಟದ್ದೂ ಇರಲಿಲ್ಲ, ಅವರ ಮನೆಯಲ್ಲಿ 4350 ಎಂದರೆ ಒಂದೇ ಡಬ್ಬವಿದ್ದುದರಿಂದ ಬ್ರ್ಯಾಂಡಿನ ಹೆಸರು ಬರೆಯುವ ಅಗತ್ಯ ಅವರಿಗೆ ತೋಚಿರಲಿಲ್ಲ. ಕೈಬರಹದ ಸಲಹೆಯ ದೌರ್ಬಲ್ಯ ಇದು: ಬರೆಯುವವನಿಗೆ ತೀರಾ ಗೊತ್ತಿರುವುದು ಕಾಗದದ ಮೇಲೆ ಬರುವುದೇ ಇಲ್ಲ.

ಮದ್ದಿನಿಂದ ಮದ್ದಿಗೆ ಇಷ್ಟೇಕೆ ವ್ಯತ್ಯಾಸ ಎಂದು ನಾನು ಕೇಳಿದೆ. ಪುಸ್ತಕದ ಮೊದಲ ಭಾಗದಲ್ಲಿ ಅದಕ್ಕೊಂದು ಅಧ್ಯಾಯವೇ ಇತ್ತು. ಫ್ರಾನ್ಸಿನ ಪೌಲ್ ವಿಯೆಲ್ 1884ರಲ್ಲಿ ರೂಪಿಸಿದ ಹೊಗೆರಹಿತ ಮದ್ದಿನಿಂದ ಮುಂದೆ ಬಂದ ಈ ಮದ್ದುಗಳ ಮೂಲವಸ್ತು ನೈಟ್ರೋಸೆಲ್ಯುಲೋಸ್; ಕೆಲವಕ್ಕೆ ನೈಟ್ರೋಗ್ಲಿಸರಿನ್ ಕೂಡ ಸೇರುತ್ತದೆ. ಕಣದ ಆಕಾರ, ಗಾತ್ರ, ಮೇಲಿನ ಲೇಪ ಇವುಗಳನ್ನು ಬದಲಿಸಿ ಉರಿಯುವ ವೇಗವನ್ನು ನಿಯಂತ್ರಿಸುತ್ತಾರೆ. ಒಲೆಗೆ ಒಣಗಿದ ತೆಂಗಿನ ಗರಿ ಹಾಕುವುದಕ್ಕೂ ಹುಣಸೆ ಕೊರಡು ಹಾಕುವುದಕ್ಕೂ ಇರುವ ಅಂತರವನ್ನು ಮಾವ ನೆನಪಿಸಿದರು. ತೂಕ ಒಂದೇ ಇದ್ದರೂ ಒಂದು ಭಗ್ಗನೆ ಮುಗಿಯುತ್ತದೆ, ಇನ್ನೊಂದು ನಿಧಾನಕ್ಕೆ ಕಾವು ಕೊಡುತ್ತದೆ. ಪಿಸ್ತೂಲಿಗೆಂದು ಮಾಡಿದ ಬೇಗ ಉರಿಯುವ ಮದ್ದನ್ನು ರೈಫಲ್ ಮದ್ದಿನ ತೂಕದಲ್ಲಿ ತುಂಬಿದರೆ ಬಂದೂಕು ಒಡೆಯುತ್ತದೆ. ಆದ್ದರಿಂದಲೇ ಮದ್ದನ್ನು ಮೂಲ ಡಬ್ಬದಿಂದ ಬೇರೆ ಡಬ್ಬಕ್ಕೆ ಸುರಿದಿಡಬಾರದು, ಮೇಜಿನ ಮೇಲೆ ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಡಬ್ಬ ತೆರೆದಿರಬಾರದು ಎಂಬ ಸೂಚನೆಗಳನ್ನು ಕೈಪಿಡಿ ಕೋಷ್ಟಕಗಳಿಗಿಂತ ಮೊದಲೇ ಹೇಳುತ್ತದೆ.

ಗ್ರೇನ್ ಮತ್ತು ಗ್ರಾಂ

ಭಾರತದಲ್ಲಿ ಬೆಳೆದವನಿಗೆ ಮಾತ್ರ ಎದುರಾಗುವ ಒಂದು ತೊಡಕು ಇಲ್ಲಿ ಬಂತು, ಅಮೆರಿಕದ ನೆರೆಯವರಿಗೆ ಅದು ಕನಸಿನಲ್ಲೂ ಹೊಳೆಯುತ್ತಿರಲಿಲ್ಲ. ಈ ಕೆಲಸದಲ್ಲಿ ಮದ್ದನ್ನೂ ಗುಂಡನ್ನೂ ತೂಗುವುದು ಗ್ರೇನ್ ಎಂಬ ಮಾನದಲ್ಲಿ. ಒಂದು ಪೌಂಡಿಗೆ 7,000 ಗ್ರೇನ್. ಒಂದು ಗ್ರಾಮಿಗೆ 15.43 ಗ್ರೇನ್, ಒಂದು ಗ್ರೇನ್ ಎಂದರೆ ಸುಮಾರು 64.8 ಮಿಲಿಗ್ರಾಂ. ಯುವಕನ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಒಂದು ಗುಂಡಿ ಒತ್ತಿದರೆ ಗ್ರೇನ್, ಗ್ರಾಂ, ಕ್ಯಾರೆಟ್ ಒಂದರ ನಂತರ ಒಂದು ಬರುತ್ತಿದ್ದವು. ಜೊತೆಗೆ, ಮದ್ದಿನ ಒಂದು ಕಣಕ್ಕೂ ಇಂಗ್ಲಿಷಿನಲ್ಲಿ ಅದೇ ಹೆಸರಿರುವುದರಿಂದ, ವಿಡಿಯೋಗಳಲ್ಲಿ ಕೇಳಿದ ಮಾತು ತೂಕದ ಬಗ್ಗೆಯೋ ಕಣಗಳ ಎಣಿಕೆಯ ಬಗ್ಗೆಯೋ ಎಂಬುದು ಮೊದಮೊದಲು ಅವನಿಗೆ ಖಚಿತವಿರಲಿಲ್ಲ. ಪುಸ್ತಕದ ತಕ್ಕಡಿಯ ಅಧ್ಯಾಯ ಈ ಗೊಂದಲವನ್ನು ಒಂದೇ ಪುಟದಲ್ಲಿ ತೀರಿಸಿತು.

ಅದೇ ಅಧ್ಯಾಯವನ್ನು ಓದುತ್ತಾ ಮಾವ ಇನ್ನೊಂದನ್ನು ಹಿಡಿದರು. ಚಿನ್ನಬೆಳ್ಳಿ ಅಂಗಡಿಯಲ್ಲಿ ನೋಡುವ ಸಾಮಾನ್ಯ ತಕ್ಕಡಿ 0.01 ಗ್ರಾಂವರೆಗೆ ತೋರಿಸುತ್ತದೆ, ಅದು ಸುಮಾರು 0.15 ಗ್ರೇನ್. ಕೈಪಿಡಿಯ ಅಂಕಿಗಳನ್ನು 0.1 ಗ್ರೇನ್‌ವರೆಗೆ ಕೊಟ್ಟಿರುತ್ತಾರೆ, ಅಂದರೆ ಸುಮಾರು ಆರೂವರೆ ಮಿಲಿಗ್ರಾಂ. ಓದಬೇಕಾದ ಅಂತರಕ್ಕಿಂತ ಒರಟಾದ ಮಾಪಕದಿಂದ ಅಳೆಯುವುದು ತಪಾಸಣೆಯಲ್ಲಿ ಮೊದಲ ಪಾಠದಲ್ಲೇ ನಿಷಿದ್ಧ. ಪ್ರತಿ ಬಾರಿ ಕೂರುವ ಮೊದಲು ತಿಳಿದ ತೂಕದ ಬಟ್ಟಿಟ್ಟು ತಕ್ಕಡಿಯನ್ನು ಪರೀಕ್ಷಿಸಬೇಕೆಂದು ಪುಸ್ತಕ ಹೇಳಿತ್ತು. ಯುವಕ ಕೊಂಡ ತಕ್ಕಡಿಯ ಜೊತೆ ಅಂಥ ಬಟ್ಟು ಬಂದಿತ್ತಾದರೂ ಅದು ಏತಕ್ಕೆಂದು ತಿಳಿಯದೆ ಪೆಟ್ಟಿಗೆಯಲ್ಲೇ ಉಳಿದಿತ್ತು.

ಹೊಸಬರಿಗೆ ಬಾಯಿಮಾತಿನಲ್ಲಿ ಸಿಗುವ ಇನ್ನೊಂದು ಸೂತ್ರವೆಂದರೆ, ಗರಿಷ್ಠದಿಂದ ಶೇಕಡ 10 ಇಳಿಸಿ ಶುರು ಮಾಡು, ಏನೂ ಆಗುವುದಿಲ್ಲ ಎಂಬುದು. ಹೆಚ್ಚಿನ ಮದ್ದುಗಳಿಗೆ ಇದು ಸರಿಯಾದ ಮಾತು, ಕೈಪಿಡಿಗಳ ಆರಂಭಿಕ ಅಂಕಿಯೂ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಆದರೆ ಮ್ಯಾಗ್ನಮ್ ರಿವಾಲ್ವರುಗಳಲ್ಲಿ ಬಳಸುವ ಎಚ್110 ಎಂಬ ಮದ್ದಿಗೆ ಗರಿಷ್ಠದಿಂದ ಶೇಕಡ 3ಕ್ಕಿಂತ ಹೆಚ್ಚು ಇಳಿಸಬಾರದೆಂದು ಅದನ್ನು ಮಾರುವ ಹಾಡ್ಜ್‌ಡನ್ ಕಂಪನಿಯೇ ಎಚ್ಚರಿಸುತ್ತದೆ. ಹೆಚ್ಚು ಇಳಿಸಿದರೆ ಮದ್ದು ಸರಿಯಾಗಿ ಹೊತ್ತಿಕೊಳ್ಳದೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಅದನ್ನು ಗಮನಿಸದೆ ಮುಂದಿನ ಗುಂಡು ಹಾರಿಸಿದರೆ ಅನಾಹುತ. ಕಡಿಮೆ ಎಂದರೆ ಸುರಕ್ಷಿತ ಎಂಬ ಸಹಜ ತಿಳಿವಳಿಕೆ ಇಲ್ಲಿ ನಿಲ್ಲುವುದಿಲ್ಲ, ಮತ್ತು ಎಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಊಹೆಯಿಂದ ಕಂಡುಕೊಳ್ಳುವ ದಾರಿಯೂ ಇಲ್ಲ.

ಊರಿನಲ್ಲಿ ಎದ್ದ ಬೇರೊಂದು ಪ್ರಶ್ನೆ

ಮಾವನ ದಾಯಾದಿಯೊಬ್ಬರ ಬಳಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ 12 ಬೋರಿನ ಬಂದೂಕಿದೆ. ಪುಸ್ತಕದ ಸುದ್ದಿ ಕೇಳಿ ಅವರು ಬಂದು, ಹಾರಿಸಿದ ಚರೆ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳಬಹುದೇ ಎಂದು ವಿಚಾರಿಸಿದರು. ಇದಕ್ಕೆ ಉತ್ತರ ಸ್ಪಷ್ಟ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕು. ಬಂದೂಕು ಇಟ್ಟುಕೊಳ್ಳಲು ಕೊಟ್ಟ ಪರವಾನಗಿ ಅದಕ್ಕೆ ಸಾಲದು. ಪರವಾನಗಿದಾರರು ಅಧಿಕೃತ ಅಂಗಡಿಯಿಂದ ಕಾರ್ಖಾನೆಯ ತೋಟಾ ಕೊಂಡು ಲೆಕ್ಕ ಇಡುವುದೇ ಇಲ್ಲಿನ ಕ್ರಮ. ತುಮಕೂರಿನ ಮನೆಯಲ್ಲಿ ಆ ಪುಸ್ತಕ ಓದುವ ಪುಸ್ತಕವಷ್ಟೇ ಎಂದು ಮಾವ ಅವರಿಗೆ ನೇರವಾಗಿಯೇ ಹೇಳಿದರು. ಚರೆ ತೋಟಾದ ವಿಷಯದಲ್ಲಿ ಕಾನೂನಿನ ಆಚೆಗೂ ಒಂದು ಕಾರಣವಿದೆ: ರೈಫಲ್ ತೋಟಾದಲ್ಲಿ ಕಡಿಮೆಯಿಂದ ಶುರುಮಾಡಿ ಹೆಜ್ಜೆ ಹೆಜ್ಜೆಯಾಗಿ ಏರುವ ಅವಕಾಶವಿದ್ದರೆ, ಚರೆ ತೋಟಾದಲ್ಲಿ ಕೊಳವೆ, ಪ್ರೈಮರ್, ಮದ್ದಿಗೂ ಚರೆಗೂ ನಡುವೆ ಇಡುವ ವ್ಯಾಡ್ ಎಂಬ ಬಿರಡೆ, ಮದ್ದು, ಚರೆಯ ತೂಕ ಇವಿಷ್ಟೂ ಪುಸ್ತಕದಲ್ಲಿದ್ದಂತೆಯೇ ಇರಬೇಕು. ಒಂದನ್ನು ಬದಲಿಸಿದರೂ ಅದು ಪರೀಕ್ಷೆಗೊಳಗಾಗದ ಬೇರೆಯೇ ತೋಟಾ.

ಮರಳಿದ ಮೇಲೆ

ಯುವಕ ಟೆಕ್ಸಾಸಿಗೆ ಹಿಂತಿರುಗಿ ಕೆಲಸ ಶುರು ಮಾಡಿದ. ಚೀಟಿಯ ಅಂಕಿಯನ್ನು ಬದಿಗಿಟ್ಟು, ತನ್ನ ಬಳಿ ಇರುವ ಮದ್ದಿನ ಸಾಲಿನ ಆರಂಭಿಕ ತೂಕದಿಂದ ಹೊರಟ. ಪ್ರತಿ ಹೆಜ್ಜೆಯ ಅಂಕಿಗಳನ್ನೂ ವಾರಾಂತ್ಯದಲ್ಲಿ ಮಾವನಿಗೆ ಕಳುಹಿಸುತ್ತಿದ್ದ. ಮಾವ ಅವನ್ನು ಹಳೆಯ ತಪಾಸಣಾ ರಿಜಿಸ್ಟರಿನ ಮಾದರಿಯಲ್ಲಿ ಗೆರೆ ಎಳೆದ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ನಾನು ನೋಡಿದ್ದು ಆ ಪುಸ್ತಕವನ್ನು.

ಮೊದಲು ಸಿಕ್ಕಿಬಿದ್ದದ್ದು ಕೇಸಿನ ಉದ್ದ. .30-06 ಕೇಸು 2.494 ಇಂಚು, ಅಂದರೆ 63.35 ಮಿಲಿಮೀಟರ್ ಮೀರಬಾರದು, ಮೀರಿದ್ದನ್ನು 2.484 ಇಂಚಿಗೆ ಕತ್ತರಿಸಬೇಕು. ಅಂತರ ಕಾಲು ಮಿಲಿಮೀಟರ್. ಹಾರಿಸಿ ಮತ್ತೆ ಅಳತೆಗೆ ತಂದ ಪ್ರತಿ ಬಾರಿ ಹಿತ್ತಾಳೆ ಮುಂದಕ್ಕೆ ಹರಿದು ಕೇಸು ಉದ್ದವಾಗುತ್ತದೆ, ಅದರ ಬಾಯಿ ಕೋಣೆಯ ತುದಿಗೆ ಸಿಕ್ಕಿ ಗುಂಡನ್ನು ಬಿಗಿಯಾಗಿ ಹಿಡಿದುಬಿಟ್ಟರೆ ಒತ್ತಡ ಏರುತ್ತದೆ. ನೆರೆಯವರು ಕೊಟ್ಟ ಡಬ್ಬದಲ್ಲಿ ಮಿತಿ ಮೀರಿದ ಕೇಸುಗಳು ಸಾಕಷ್ಟಿದ್ದವು.

ಎರಡನೆಯದು ಇನ್ನೂ ಸೂಕ್ಷ್ಮ. ಕೈಪಿಡಿಯ ಪರೀಕ್ಷಾ ನಳಿಗೆ 24 ಇಂಚಿನದು, ಯುವಕನ ರೈಫಲಿನದು 22 ಇಂಚು. ಉಳಿದದ್ದೆಲ್ಲ ಒಂದೇ ಇದ್ದರೆ ಗಿಡ್ಡ ನಳಿಗೆಯಿಂದ ವೇಗ ಸ್ವಲ್ಪ ಕಡಿಮೆ ಬರಬೇಕು. ಆದರೆ ಕೋಷ್ಟಕದ ಅರ್ಧ ದಾರಿಯಲ್ಲೇ ಅವನ ಕ್ರೋನೋಗ್ರಾಫು ಪುಸ್ತಕದಲ್ಲಿ ಗರಿಷ್ಠದ ಎದುರು ಅಚ್ಚಾಗಿದ್ದ ವೇಗವನ್ನು ತೋರಿಸಿತು, ಬೋಲ್ಟ್ ಎತ್ತುವಾಗಲೂ ಬಿಗಿ ಅನ್ನಿಸಿತು. ಗುರಿ ಹಲಗೆಯ ಮೇಲೆ ಗುಂಡುಗಳು ಚೆನ್ನಾಗಿ ಗುಂಪುಗೂಡಿದ್ದವು. ಪುಸ್ತಕವಿಲ್ಲದಿದ್ದರೆ ಅವನು ಅದನ್ನು ಯಶಸ್ಸೆಂದು ಎಣಿಸಿ ಮುಂದಿನ ಹೆಜ್ಜೆಗೆ ಹೋಗುತ್ತಿದ್ದನೆಂದು ನನಗೆ ಖಾತ್ರಿಯಿದೆ. ವೇಗ ಬಿಟ್ಟಿಯಾಗಿ ಬರುವುದಿಲ್ಲ, ಪುಸ್ತಕಕ್ಕಿಂತ ಹೆಚ್ಚಿನ ವೇಗವೆಂದರೆ ಪುಸ್ತಕಕ್ಕಿಂತ ಹೆಚ್ಚಿನ ಒತ್ತಡವೆಂದೇ ಭಾವಿಸಿ ನಿಲ್ಲಿಸಬೇಕು ಎಂಬುದನ್ನು ಅವನು ಓದಿಕೊಂಡಿದ್ದ. ನಿಲ್ಲಿಸಿದ.

ಕಾರಣ ಹುಡುಕಿದಾಗ ಕೇಸುಗಳ ತಳದ ಮುದ್ರೆಯ ಕಡೆ ಗಮನ ಹೋಯಿತು. ಅಂದು ಹಾರಿಸಿದವುಗಳ ತಳದಲ್ಲಿ ಎಲ್‌ಸಿ ಎಂಬ ಅಕ್ಷರಗಳೂ ವರ್ಷದ ಎರಡಂಕಿಯೂ ಇದ್ದವು; ಲೇಕ್ ಸಿಟಿಯ ಸೇನಾ ಮದ್ದುಗುಂಡು ಕಾರ್ಖಾನೆಯ ಗುರುತು ಅದು. ತೂಗಿ ನೋಡಿದರೆ ಅವು ಡಬ್ಬದಲ್ಲಿದ್ದ ಅಂಗಡಿ ಕೇಸುಗಳಿಗಿಂತ ಭಾರವಾಗಿದ್ದವು. ಹೊರಗಿನ ಅಳತೆ ಒಂದೇ ಆಗಿ ತೂಕ ಹೆಚ್ಚಿದೆಯೆಂದರೆ ಗೋಡೆ ದಪ್ಪವಿದೆ, ಒಳಗಿನ ಜಾಗ ಕಡಿಮೆಯಿದೆ ಎಂದರ್ಥ. ಕಡಿಮೆ ಜಾಗದಲ್ಲಿ ಅಷ್ಟೇ ಮದ್ದು ಉರಿದರೆ ಒತ್ತಡ ಹೆಚ್ಚು. ಕೇಸಿಗೆ ನೀರು ತುಂಬಿ ತೂಗಿ ಇದನ್ನು ಖಚಿತಪಡಿಸಿಕೊಳ್ಳುವ ವಿಧಾನವೂ ಪುಸ್ತಕದಲ್ಲಿತ್ತು, ಅವನು ಹಾಗೆಯೇ ಮಾಡಿದ. ಕೋಷ್ಟಕದ ಮೇಲಿನ ಚೌಕಟ್ಟಿನಲ್ಲಿ ಅಂಗಡಿ ಕೇಸಿನ ಹೆಸರು ಇದ್ದದ್ದು ಇದಕ್ಕಾಗಿ ಎಂಬುದು ಆಗ ಪೂರ್ತಿ ಮನದಟ್ಟಾಯಿತು. ಸೇನಾ ಕೇಸುಗಳನ್ನು ಬೇರೆ ಮಾಡಿ, ಅವುಗಳಿಗೆ ಮತ್ತೆ ಕೆಳಗಿನಿಂದ ಶುರುಮಾಡಿದ.

ಕೈಪಿಡಿಯ ಮಿತಿಗಳು

ಪುಸ್ತಕ ಎಲ್ಲವನ್ನೂ ಕೊಟ್ಟಿತೆಂದು ಹೇಳಿದರೆ ತಪ್ಪಾಗುತ್ತದೆ. ಪ್ರೈಮರ್ ತಳ ಮುಟ್ಟಿ ಕೂತಿತೆಂಬುದನ್ನು ಬೆರಳ ತುದಿಯಿಂದ ತಿಳಿಯುವುದು, ಡೈಯಲ್ಲಿ ಕೇಸು ಸಿಕ್ಕಿಕೊಳ್ಳುವ ಮುಂಚಿನ ಬಿಗಿಯನ್ನು ಕೈಯಲ್ಲಿ ಗುರುತಿಸುವುದು, ಇವನ್ನು ನೆರೆಯವರು ಪಕ್ಕದಲ್ಲಿ ನಿಂತು ಕಲಿಸಿದರು. ಯಾವ ಪುಟವೂ ಅದನ್ನು ಕಲಿಸಲಾರದು. ಹೊಸದಾಗಿ ಮಾರುಕಟ್ಟೆಗೆ ಬಂದ ಮದ್ದು ಹಳೆಯ ಆವೃತ್ತಿಯಲ್ಲಿ ಇರುವುದಿಲ್ಲ, ಅಂಥ ಸಂದರ್ಭದಲ್ಲಿ ಮದ್ದು ತಯಾರಕರೇ ಪ್ರಕಟಿಸುವ ಅಂಕಿಗಳನ್ನು ನೋಡಬೇಕಾಗುತ್ತದೆ.

ಎರಡು ಪುಸ್ತಕಗಳ ನಡುವೆ ಅಂಕಿಗಳು ಹೊಂದದಿರುವುದು ಹೊಸಬರನ್ನು ಬಹಳ ಕಂಗೆಡಿಸುತ್ತದೆ. ಹಾರ್ನಡಿ, ಸಿಯೆರಾ, ನೋಸ್ಲರ್, ಸ್ಪಿಯರ್‌ನಂಥ ಗುಂಡು ತಯಾರಕರು ತಮ್ಮ ಗುಂಡುಗಳಿಗೆ ತಕ್ಕ ಕೈಪಿಡಿ ಹೊರತರುತ್ತಾರೆ. ಲೈಮನ್‌ನಂಥ ಉಪಕರಣ ತಯಾರಕರು ಹಲವು ಕಂಪನಿಗಳ ಗುಂಡುಗಳನ್ನು ಸೇರಿಸುತ್ತಾರೆ. ಒಬ್ಬೊಬ್ಬರ ಪರೀಕ್ಷಾ ನಳಿಗೆ ಬೇರೆ, ಕೇಸು ಬೇರೆ, ಮದ್ದಿನ ತಯಾರಿಕಾ ಕಂತು ಬೇರೆ. ಹಾಗಿದ್ದ ಮೇಲೆ ಗರಿಷ್ಠಗಳು ಬೇರೆಯಾಗುವುದರಲ್ಲಿ ಆಶ್ಚರ್ಯವಿಲ್ಲ, ಬೇರೆಯಾಗದಿದ್ದರೇ ಅನುಮಾನ ಪಡಬೇಕು. ನೆರೆಯವರ ಅಲಮಾರಿನಲ್ಲಿದ್ದ ಹಳೆಯ ಆವೃತ್ತಿಯಲ್ಲಿ ಗರಿಷ್ಠ ಅಂಕಿಗಳು ಈಗಿನದಕ್ಕಿಂತ ಮೇಲಿದ್ದವು. ಕಂಪನಿಗಳು ವಕೀಲರಿಗೆ ಹೆದರಿ ಅಂಕಿ ಇಳಿಸಿವೆ ಎಂಬುದು ಹಳೆಯ ಗುರಿಕಾರರಲ್ಲಿ ಬೇರೂರಿದ ಮಾತು, ನೆರೆಯವರೂ ಅದನ್ನೇ ಹೇಳಿದರು. ನನಗೆ ಅದು ಒಪ್ಪಿಗೆಯಿಲ್ಲ. ಹಿಂದೆ ತಾಮ್ರದ ತುಂಡು ಎಷ್ಟು ಜಜ್ಜಿಹೋಯಿತೆಂದು ನೋಡಿ ಒತ್ತಡ ಅಂದಾಜಿಸುತ್ತಿದ್ದರು. ಇಂದಿನ ವಿದ್ಯುತ್ ಸಂವೇದಕ ಒತ್ತಡ ಏರಿ ಇಳಿಯುವ ಇಡೀ ರೇಖೆಯನ್ನೇ ಹಿಡಿಯುತ್ತದೆ. ತಾಮ್ರದ ತುಂಡು ಕ್ಷಣಮಾತ್ರದ ತುದಿಯನ್ನು ಪೂರ್ತಿ ಹಿಡಿಯಲಾರದು. ಉತ್ತಮ ಮಾಪಕ ಬಂದ ಮೇಲೆ ಮಿತಿ ಬದಲಾಗುವುದನ್ನು ತಪಾಸಣಾ ವಿಭಾಗದಲ್ಲಿ ಕಂಡಿದ್ದ ಮಾವನಿಗೂ ಇದರಲ್ಲಿ ವಿಚಿತ್ರವೇನೂ ತೋರಲಿಲ್ಲ.

ಈಗಿನ ಸ್ಥಿತಿ

ನೆರೆಯವರು ತಮ್ಮ ಹಳೆಯ ಅಂಕಿಯನ್ನು ಹೊಸ ಆವೃತ್ತಿಯ ಎದುರಿಗಿಟ್ಟು ನೋಡಿ, ತಮ್ಮ ಸೇನಾ ಕೇಸುಗಳಿಗೆ ಮದ್ದಿನ ತೂಕವನ್ನು ಇಳಿಸಿಕೊಂಡಿದ್ದಾರೆ. ಯುವಕ ಎರಡನೆಯ ಕೈಪಿಡಿಯನ್ನೂ ಕೊಂಡಿದ್ದಾನೆ. ಹೊಸ ಜೋಡಣೆಗೆ ಕೈಹಾಕುವ ಮೊದಲು ಎರಡನ್ನೂ ನೋಡಿ, ಕಡಿಮೆ ಇರುವ ಆರಂಭಿಕ ಅಂಕಿಯಿಂದ ಹೊರಡುವುದು ಅವನ ಕ್ರಮ, ಎಚ್110ರಂತೆ ತಯಾರಕರೇ ಕೆಳಮಿತಿ ಹೇಳಿದ ಮದ್ದುಗಳನ್ನು ಬಿಟ್ಟು. ಪ್ರತಿ ಪೆಟ್ಟಿಗೆಯ ಮೇಲೂ ಮದ್ದಿನ ಬ್ರ್ಯಾಂಡು ಸಮೇತ ಪೂರ್ಣ ಹೆಸರು, ಕೇಸಿನ ಮುದ್ರೆ, ಪ್ರೈಮರ್, ಗುಂಡು, ಒಟ್ಟು ಉದ್ದ, ತುಂಬಿದ ದಿನಾಂಕ ಬರೆದಿರುತ್ತಾನೆ.

ಇತ್ತೀಚೆಗೆ ಅವನು ಸೀಸವಿಲ್ಲದ, ಪೂರ್ತಿ ತಾಮ್ರದ ಗುಂಡುಗಳ ಒಂದು ಪೆಟ್ಟಿಗೆ ತಂದ. ತೂಕ ಅದೇ 165 ಗ್ರೇನಿನ ಆಸುಪಾಸಿನಲ್ಲಿದೆಯಾದ್ದರಿಂದ ಹಳೆಯ ಅಂಕಿಯೇ ನಡೆಯುತ್ತದೆಯೇ ಎಂದು ಮಾವನನ್ನು ಕೇಳಿದ. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅಷ್ಟೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಿರಬೇಕು, ಕೇಸಿನೊಳಗೆ ಹೆಚ್ಚು ಜಾಗ ತಿನ್ನಬೇಕು ಎಂದು ಮಾವ ಲೆಕ್ಕ ಹಾಕಿ ಹೇಳಿದರು. ಆ ಗುಂಡಿನ ತಯಾರಕರ ಕೈಪಿಡಿಗೆ ಆರ್ಡರ್ ಹಾಕಲಾಗಿದೆ, ಅದು ಬರುವವರೆಗೆ ಪೆಟ್ಟಿಗೆಯನ್ನು ತೆರೆಯದೆ ಇಟ್ಟಿದ್ದಾನೆ.